ಎದುರಿನ ಅಂಗಡಿಯ ಬೆಳಕು

ಬೆಳಗಿನ ಐದೂವರೆ. ಸವದತ್ತಿಯಿಂದ ಮುನವಳ್ಳಿಗೆ ಹೋಗುವ ರಸ್ತೆಯ ಬದಿ, ತಗಡಿನ ಶೆಡ್ಡಿನ ಅಂಗಳದಲ್ಲಿ ಹಳೆಯ ಇಂಡಿಕಾ ಕಾರೊಂದು ಗೋಡೆಗೆ ಮುಖ ಮಾಡಿ ನಿಂತಿದೆ. ಉಳವಪ್ಪ ಅದರ ಹೆಡ್‌ಲೈಟ್ ಹಚ್ಚುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದ ಅಡ್ಡಗೆರೆ ಇದೆ. ಬಲಗಡೆಯ ಬೆಳಕು ಗೆರೆಯ ಕೆಳಗೆ ತಣ್ಣಗೆ ಕೂತಿದೆ, ಎಡಗಡೆಯದು ಗೇಣುದ್ದ ಮೇಲೇರಿದೆ. ಬಾನೆಟ್ ಎತ್ತಿ, ದೀಪದ ಹಿಂದಿನ ಸ್ಕ್ರೂ ಅನ್ನು ಅರ್ಧರ್ಧ ಸುತ್ತು ತಿರುಗಿಸಿ ಅದನ್ನೂ ಕೆಳಗಿಳಿಸುತ್ತಾರೆ. ಬಿಸಿಲೇರಿದ ಮೇಲೆ ಬೆಳಕು ಗೋಡೆಯ ಮೇಲೆ ಕಾಣುವುದಿಲ್ಲ. ಹಾಗಾಗಿ ಅವರ ದಿನ ಕತ್ತಲೆ ಇರುವಾಗಲೇ ಶುರುವಾಗುತ್ತದೆ.

ಐವತ್ತಾರರ ಉಳವಪ್ಪನವರಿಗೆ ಮೂವತ್ತೆಂಟು ವರ್ಷದಿಂದ ಇದೇ ಕೆಲಸ. ದೀಪದ ಮುಂದಿನ ಹಳದಿಗಟ್ಟಿದ ಮುಚ್ಚಳವನ್ನು ನೀರಲ್ಲಿ ನೆನೆಸಿದ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತಿಳಿಯಾಗಿಸುತ್ತಾರೆ. ಕಿಲುಬು ಹಿಡಿದ ವೈರು ಬದಲಿಸುತ್ತಾರೆ, ಒಳಗೆ ನೀರಿಳಿಯದಂತೆ ಹಿಂದಿನ ರಬ್ಬರು ಹೊಸದು ಹಾಕುತ್ತಾರೆ. ತೀರಾ ಕೆಟ್ಟಿದ್ದರೆ ಮಾತ್ರ ಇಡೀ ದೀಪ ಬದಲಿಸುವ ಮಾತು. ಹೊಸ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ತೋರಿಸುತ್ತಾರೆ. "ಗಾಜನ್ನ ಬರಿಗೈಲೆ ಮುಟ್ಟಬಾರದ್ರಿ. ಬೆರಳಿನ ಜಿಡ್ಡು ಹತ್ತಿದ್ರ ಅಲ್ಲೇ ಕಾದು ಒಡೀತೈತಿ."

ದಿನಕ್ಕೆ ಎಷ್ಟು ಗಾಡಿ ಬರುತ್ತವೆ ಎಂದು ಕೇಳಿದರೆ, "ನನಗ ನಾಕೈದು," ಎನ್ನುತ್ತಾರೆ. ಆಮೇಲೆ ಕೇಳದೇ ಇದ್ದರೂ ಸೇರಿಸುತ್ತಾರೆ: "ಅವಗ ನಿನ್ನೆ ಹದಿನೇಳು."

ಅವನೆಂದರೆ ಸುಭಾಸ. ರಸ್ತೆಯ ಆಚೆ ಬದಿ, ಗಾಜಿನ ಬಾಗಿಲಿನ ದೊಡ್ಡ ಅಂಗಡಿಯ ಮಾಲೀಕರು. ಇಬ್ಬರೂ ಒಂದೇ ವರ್ಷ ಮಡಿವಾಳೆಪ್ಪ ಮಿಸ್ತ್ರಿಯ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿಯಲ್ಲಿ ಉಂಡವರು. "ಮಿಸ್ತ್ರಿ ಅವಗ ಶಾಬಾಸ್ ಅಂದಿದ್ದು ಎಷ್ಟ ಸರ್ತೆ ಅಂತೀರಿ! ನನಗ ಒಂದಿನಾನೂ ಅನ್ನಲಿಲ್ಲ," ಎನ್ನುವಾಗ ಉಳವಪ್ಪನವರ ದನಿ ಮೊನ್ನೆ ಮೊನ್ನೆ ನಡೆದ ಸಂಗತಿ ಹೇಳುವಂತಿದೆ. ಆರು ವರ್ಷದ ಹಿಂದೆ ಸುಭಾಸ ಎದುರಿಗೇ ಅಂಗಡಿ ತೆರೆದು ಹಾಲಿನಂಥ ಬಿಳಿ ಬೆಳಕಿನ ಎಲ್‌ಇಡಿ ಬಲ್ಬು ತಂದರು. ಅಂದಿನಿಂದ ಉಳವಪ್ಪನವರಿಗೆ ಎದುರಿನ ಗಾಡಿ ಎಣಿಸುವ ಚಟ. "ಉಣ್ಣಾಕ ಕುಂತ್ರೂ ಅವನ ಅಂಗಡಿ ಸುದ್ದೀನ. ರೊಟ್ಟಿ ಆರಿದ್ದು ಇವರಿಗೆ ಗೊತ್ತಾಗೂದಿಲ್ಲ," ಎಂದು ಹೆಂಡತಿ ಅನ್ನಪೂರ್ಣಾ ನಗುತ್ತಾರೆ. ಉಳವಪ್ಪ ನಗುವುದಿಲ್ಲ.

ಹೋದ ಮಾಗಿಯಲ್ಲಿ ನಡೆದದ್ದನ್ನು ಅವರು ತಾವಾಗಿಯೇ ಹೇಳುತ್ತಾರೆ. ಚಚಡಿಯ ಹಣಮಂತಪ್ಪ ತಮ್ಮ ಹಳೆಯ ಓಮ್ನಿ ವ್ಯಾನಿನಲ್ಲಿ ದಿನಾ ನಸುಕಿನಲ್ಲಿ ಸವದತ್ತಿಯ ಮಾರುಕಟ್ಟೆಗೆ ಕಾಯಿಪಲ್ಯ ತರುತ್ತಾರೆ. ಹದಿನಾಲ್ಕು ವರ್ಷ ಆ ಗಾಡಿಯ ದೀಪ ನೋಡಿಕೊಂಡವರು ಉಳವಪ್ಪ. ಒಂದು ಸಂಜೆ ಅದೇ ಓಮ್ನಿ ಇವರ ಶೆಡ್ ದಾಟಿ ಸುಭಾಸರ ಅಂಗಡಿ ಮುಂದೆ ನಿಂತಿತು. ತಾಸಿನ ಮೇಲೆ ಬಿಳಿ ದೀಪ ಹಾಕಿಸಿಕೊಂಡು, ಅದನ್ನು ಉರಿಸುತ್ತಲೇ ಹೊರಟಿತು. ಮುಸ್ಸಂಜೆಯ ಮಬ್ಬಿನಲ್ಲಿ ಬೆಳಕು ರಸ್ತೆ ಬಿಟ್ಟು ಬೇವಿನ ಗಿಡದ ಟೊಂಗೆಗೆ ಬೀಳುತ್ತಿದ್ದುದು ಉಳವಪ್ಪನವರಿಗೆ ಕಂಡಿತು. ಹಳೆಯ ದೀಪದೊಳಗೆ ಆ ಬಲ್ಬು ಸರಿಯಾಗಿ ಕೂರದೆ ಬೆಳಕು ಎತ್ತೆತ್ತಲೋ ಚೆಲ್ಲುತ್ತಿತ್ತು.

"ಕೈ ಮಾಡಿ ನಿಂದರಸಬಹುದಿತ್ತು. ನಿಂದರಸಲಿಲ್ಲ. ಹೋಗಲಿ, ಸುಭಾಸನ ಹೆಸರು ಕೆಡಲಿ ಅಂದೆ."

ಮೂರನೆಯ ದಿನ ನವಿಲುತೀರ್ಥದ ಹತ್ತಿರ ದಟ್ಟ ಮಂಜು. ಮೇಲೆ ಚೆಲ್ಲಿದ ಬಿಳಿ ಬೆಳಕು ಮಂಜಿಗೆ ಬಡಿದು ಹಣಮಂತಪ್ಪನವರ ಕಣ್ಣಿಗೇ ತಿರುಗಿತು. ತಿರುವು ಕಾಣದೆ ಓಮ್ನಿ ತಗ್ಗಿಗೆ ಇಳಿಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಇಂದ್ರವ್ವನ ಬಲಗೈ ಮುರಿಯಿತು.

ಸುದ್ದಿ ತಿಳಿದ ಮರುದಿನ ಉಳವಪ್ಪ ಶೆಡ್ ತೆರೆಯಲಿಲ್ಲ. ಬಸ್ಸು ಹತ್ತಿ ಚಚಡಿಗೆ ಹೋಗಿ, ಕಂಡದ್ದು, ಸುಮ್ಮನಿದ್ದದ್ದು ಎಲ್ಲ ಹೇಳಿದರು. ಇಂದ್ರವ್ವ ಪಟ್ಟಿ ಕಟ್ಟಿದ ಕೈ ನೋಡಿಕೊಂಡು ಕೇಳಿದರು: "ಕಂಡಿದ್ರ ಒಂದ ಮಾತ ಹೇಳಬಾರದಿತ್ತೇನ್ರಿ ಅಣ್ಣಾರ? ಹದಿನಾಕ ವರ್ಷದ ಗುರುತು ನಮ್ದು."

ಅವತ್ತೇ ಸಂಜೆ ಉಳವಪ್ಪ ಆರು ವರ್ಷದಲ್ಲಿ ಮೊದಲ ಸಲ ರಸ್ತೆ ದಾಟಿದರು. ಸುಭಾಸ ಎಲ್ಲ ಕೇಳಿ ಅಂದರು: "ನೀ ಹೇಳಿದ್ರೂ ನಾ ಕೇಳ್ತಿದ್ದಿಲ್ಲ ಬಿಡು. ಹೊಟ್ಟಿಕಿಚ್ಚಿಗೆ ಅನ್ನಾಕ ಹತ್ಯಾನ ಅಂತ ತಿಳ್ಕೊಂತಿದ್ದೆ." ಉಳವಪ್ಪ ಅಂದರು: "ಹೊಟ್ಟಿಕಿಚ್ಚು ಖರೇನ. ಬೆಳಕು ಮ್ಯಾಲಿದ್ದದ್ದೂ ಖರೇನ."

ಮರುದಿನವೇ ಸುಭಾಸ ಓಮ್ನಿಯ ಎರಡೂ ದೀಪ ಕಳಚಿ, ಕಂಪನಿಯ ಹಳೆಯ ತರಹದವನ್ನೇ ತರಿಸಿಕೊಟ್ಟರು. ಕೂರಿಸಿ ಗೆರೆಗೆ ಹೊಂದಿಸಿದವರು ಉಳವಪ್ಪ. ಈಗ ಎದುರಿನ ಅಂಗಡಿಗೆ ಬಂದ ಹಳೆಯ ಗಾಡಿಗಳೆಲ್ಲ ಬೆಳಕು ಹೊಂದಿಸಿಕೊಳ್ಳಲು ಉಳವಪ್ಪನವರ ಅಂಗಳ ಮುಟ್ಟಿಯೇ ಊರಿಗೆ ಹೋಗುತ್ತವೆ. ಇಂದ್ರವ್ವನ ಕೈ ಕೂಡಿಕೊಂಡಿದೆ. ಭಾರ ಮಾತ್ರ ಇನ್ನೂ ಎತ್ತಲಾರರು. ಆ ಮಾತು ಬಂದಾಗ ಉಳವಪ್ಪ ಕಣ್ಣು ತಪ್ಪಿಸಿ, ಕೈಯಲ್ಲಿದ್ದ ಬಟ್ಟೆ ಮಡಚತೊಡಗುತ್ತಾರೆ.

ಹಾಗಾದರೆ ಹೊಟ್ಟೆಕಿಚ್ಚು ಹೋಯಿತೇ?

"ಹೋಗೇತಿ ಅಂತ ಬರೀಬ್ಯಾಡ್ರಿ, ಸುಳ್ಳಾಗತೈತಿ. ಬೆಳಕು ಹೊಂದಸಾಂವ ನಾನು, ಮಂದಿ ಶಾಬಾಸ್ ಅನ್ನೂದು ಇನ್ನೂ ಅವಗ. ನೋಡಿದ್ರ ಉರೀತೈತಿ. ಆದ್ರ ಈ ಆರೇಳು ತಿಂಗಳದಾಗ ಸೊಟ್ಟ ದೀಪದ ಗಾಡಿ ಒಂದೂ ನನ್ನ ಮುಂದ ಹಾದು ಹೋಗಿಲ್ಲ ನೋಡ್ರಿ."

ಫೋಟೊ ತೆಗೆಸಿಕೊಳ್ಳಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರು ಒಮ್ಮೆ ಎದುರಿನ ಅಂಗಡಿಯತ್ತ ನೋಡುತ್ತಾರೆ.

"ಅವಂದೂ ಹಾಕ್ರಿ ಪೇಪರಿನ್ಯಾಗ, ಬ್ಯಾಡ ಅನ್ನೂದಿಲ್ಲ. ಆದ್ರ ನಂದು ಒಂದ ಬೆರಳಷ್ಟರ ದೊಡ್ಡದಿರಲಿ."