ನೈರೋಬಿಯ ಆರು ಗಂಟೆ, ನಮ್ಮ ಆರು ಗಂಟೆ

ಮಗಳ ಮದುವೆಯ ದಿನ ಜಮಖಂಡಿಯ ಕಲ್ಯಾಣ ಮಂಟಪದ ಹೊರಗೆ ನಿಂತು ಫೋನಿನಲ್ಲಿ ಮತ್ತೆ ಮತ್ತೆ ನೈರೋಬಿ–ಮುಂಬೈ ದೂರ ನೋಡುತ್ತಿದ್ದೆ. ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್, ಆರು ತಾಸಿನ ಹಾರಾಟ. ಆದರೆ ನಾನೇ ಒಮ್ಮೆ ವಿಚಾರ ಸಂಕಿರಣಕ್ಕೆಂದು ಅಲ್ಲಿಗೆ ಹೋದಾಗ ಇಡೀ ದಿನ ಸಮುದ್ರದ ಮೇಲಿದ್ದ ನೆನಪು. ಎರಡರಲ್ಲಿ ಒಂದು ಸುಳ್ಳು, ಅದು ಫೋನಂತೂ ಅಲ್ಲ.

ಬರಬೇಕಾದವನು ಹೆಂಡತಿಯ ಒಬ್ಬನೇ ತಮ್ಮ, ಕೀನ್ಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ನಮ್ಮಲ್ಲಿ ಮದುಮಗಳಿಗೆ ಬಾಸಿಂಗ ಕಟ್ಟುವವನು ಸೋದರಮಾವ. ಅವನು ಕಟ್ಟಿದ ಮೇಲೆಯೇ ಅಕ್ಕಿಕಾಳು, ಅಂದರೆ ಅಕ್ಷತೆ. ಅದೊಂದು ರೂಢಿ ಅಷ್ಟೇ ಎಂದು ಮನೆಯಲ್ಲಿ ವಾದಿಸಿದವನು ನಾನು. ಈಗ ಬಾಗಿಲಿಗೂ ವೇದಿಕೆಗೂ ಅಲೆಯುತ್ತಿದ್ದವನೂ ನಾನೇ.

‘ಆರಕ್ಕ ಮುಂಬೈದಾಗ ಇಳೀತೇನ್ರಿ ಮಾಮಾ’ ಎಂದು ಫೋನಿನಲ್ಲಿ ಹೇಳಿದ್ದ. ನಮ್ಮ ಬೆಳಗಿನ ಆರೋ, ಅಲ್ಲಿಯ ಆರೋ? ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ನಮ್ಮದಾಗಿದ್ದರೆ ಬೆಳಗಾವಿಯ ವಿಮಾನ ಸಿಕ್ಕು ಇಷ್ಟೊತ್ತಿಗೆ ಮುಧೋಳ ದಾಟಿರಬೇಕು. ಅಲ್ಲಿಯದಾಗಿದ್ದರೆ ಬಾಸಿಂಗ ತಟ್ಟೆಯಲ್ಲೇ ಉಳಿಯುತ್ತದೆ. ಅವನ ಫೋನು ಹತ್ತುತ್ತಿರಲಿಲ್ಲ.

“ಅವನ ಜೋಡಿ ಮಾತಾಡಿದವ್ರು ನೀವ ಅಲ್ಲೇನ್ರಿ? ಅಷ್ಟೂ ಕೇಳಬಾರದ?” ಎಂದಳು ಹೆಂಡತಿ. ಅವಳ ಕಣ್ಣು ರಸ್ತೆಯ ಮೇಲೇ ಇತ್ತು.

ಬನಹಟ್ಟಿಯ ಬೀಗರು ಬಂದರು. “ಹೊತ್ತಾತ್ರಿ. ಬ್ಯಾರೆ ಯಾರರ ಕಟ್ಟಲಿ, ಏನಾಕ್ಕೈತಿ?”

ನಾನು ಹೂಂ ಎನ್ನುವಷ್ಟರಲ್ಲಿ ಇವಳೇ ಮುಂದಾದಳು. “ಪುಢಾರಿ ಬರೂತನಕ ಅಕ್ಕಿಕಾಳು ಕೈಯಾಗ ಹಿಡಕೊಂಡು ಕುಂಡರ್ತೀರಿ. ನನ್ನ ತಮ್ಮ ಸಮುದ್ರ ದಾಟಿ ಬರಾಕತ್ತಾನ್ರಿ ಬೀಗ್ರ. ಅವನ ಸಲುವಾಗಿ ಒಂದೀಟ ಕುಂಡ್ರಾಕ ಆಗೂದಿಲ್ಲೇನ್ರಿ?”

ಬೀಗರು ನಕ್ಕು ಕೂತರು. ನನಗೆ ಕೂರಲಾಗಲಿಲ್ಲ.

ಲಗ್ನದ ಕಾರ್ಡಿನಲ್ಲಿದ್ದ ಹೊತ್ತು ಮೀರಿದ ಮೇಲೆ ಅವನು ಬಂದ. ಮುಧೋಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ಸಿಕ್ಕಿಕೊಂಡಿತ್ತಂತೆ. “ಸಮುದ್ರ ನಿದ್ದಿಯಾಗ ದಾಟಿದ್ನಿ, ಕಬ್ಬು ದಾಟಾಕ ಆಗಲಿಲ್ಲ ನೋಡಕ್ಕಾ!” ಅಕ್ಕ ಅವನ ಬೆನ್ನಿಗೊಂದು ಗುದ್ದಿ ಒಳಗೆ ತಳ್ಳಿದಳು. ಕಾಲು ತೊಳೆದು, ಪ್ರಯಾಣದ ಅಂಗಿಯಲ್ಲೇ ಬಾಸಿಂಗ ಕಟ್ಟಿದ. ಗಂಟು ಜಾರಿತು. ಅವಳು ಮಗಳ ತಲೆ ಹಿಡಿದುಕೊಂಡು ನಿಂತಳು, ಅವನು ಮತ್ತೆ ಬಿಗಿದ. ನಾನು ಬೇರೆ ಕಡೆ ನೋಡಿದೆ.

ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ. “ಆರಕ್ಕ ಅಂದಿದ್ದಿಯಲ್ಲ, ಅದು ಯಾವ ಊರಿನ ಆರು?”

ಅವನು ತುತ್ತು ನಿಲ್ಲಿಸಿದ. “ನಾ ಹೊತ್ತ ಹೇಳಿದ್ದಿಲ್ಲಲ್ರಿ ಮಾಮಾ. ಇಳದ ಮ್ಯಾಲ ಫೋನ್ ಮಾಡ್ತೇನಿ ಅಂದಿದ್ನಿ. ಅಷ್ಟರಾಗ ಚಾರ್ಜ್ ಹೋತು.”

“ಆತು ಬಿಡ್ರಿ, ಬಂದಾನಲ್ಲ,” ಎಂದು ಹೆಂಡತಿ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅವಳಿಗೆ ಅಲ್ಲಿಗೇ ಮುಗಿಯಿತು. ನನಗೆ ಅವನ ‘ಆರಕ್ಕ’ ಈಗಲೂ ಸ್ಪಷ್ಟವಾಗಿ ಕೇಳುತ್ತದೆ, ಹಿಂದೆ ಯಾವುದೋ ಯಂತ್ರದ ಸದ್ದಿನ ಸಮೇತ.