ನಾಣ್ಯ ನನ್ನವು, ಮಂಗಳವಾರ ಅತ್ತೆಯದು

ಗೆಳೆಯರೇ, ಇವತ್ತು ಬೆಳಿಗ್ಗೆ ಅತ್ತೆಯ ಮೇಲೆ ರೇಗಿಬಿಟ್ಟೆ. ನಾಚಿಕೆಯಾಗಿ ಬರೆಯುತ್ತಿದ್ದೇನೆ.

ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದೆ. ನೋಡಿದರೆ, ನಾನು ಕೂಡಿಟ್ಟ ಹಳೆಯ ನಾಣ್ಯಗಳನ್ನೆಲ್ಲ ಅತ್ತೆ ಪಡಸಾಲೆಯಲ್ಲಿ ಬಟ್ಟೆ ಹಾಸಿ, ಫ್ಯಾನಿನ ಕೆಳಗೆ ಹರಡಿದ್ದರು.

"ಅತ್ತಿ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ರೇನ್ರಿ? ಹಳೀ ನಾಣ್ಯ ಹಾಳಾಗ್ತಾವು!" ಎಂದು ಕೂಗಿದೆ.

ಅವರು ತಲೆ ಎತ್ತಲಿಲ್ಲ. "ತಿಕ್ಕಬಾರದು ಅಂತ ನೀನ ಹೇಳಿದ್ದೆಲ್ಲವಾ. ನಮ್ಮ ದಾಂಡೇಲಿ ಮಳಿಗಾಲಕ್ಕ ಆಲ್ಬಮ್ಮಿನ ಹಾಳಿ ಒದ್ದಿ ಆಗಿ, ತಾಮ್ರಕ್ಕ ಹಸರು ಹತ್ತಾಕತ್ತಿತ್ತು. ಅದಕ್ಕ ಮಂಗಳವಾರಕ್ಕೊಮ್ಮೆ ತಗದು ಗಾಳಿಗೆ ಇಡ್ತೇನಿ."

"ಯಾವಾಗಿಂದ್ರಿ?"

"ಹ್ವಾದ ವರ್ಷದ ಮಳಿಗಾಲದಿಂದ. ನೀ ಕಡೀಕ ಯಾವಾಗ ತಗದಿದ್ದಿ, ಹೇಳು?"

ನೆನಪಾಗಲಿಲ್ಲ. ಬಂಗೂರನಗರದ ನಮ್ಮ ಶಾಲೆಯ ಮಕ್ಕಳೆಲ್ಲ ನನ್ನನ್ನು ನಾಣ್ಯದ ಟೀಚರ್ ಅನ್ನುತ್ತಾರೆ. ಆದರೆ ಹೊಸ ನಾಣ್ಯ ತಂದ ದಿನ ಬಿಟ್ಟರೆ ನಾನು ನಾಣ್ಯದ ಕಪಾಟನ್ನೇ ತೆರೆಯುವುದಿಲ್ಲ.

ತೀರಿಹೋದ ಅಪ್ಪ ಕೊಟ್ಟಿದ್ದ ತೂತಿನ ಕಾಸನ್ನು ಮೆತ್ತನೆಯ ಬಟ್ಟೆಯ ಮೇಲೆ ಬೇರೆಯಾಗಿಯೇ ಇಟ್ಟಿದ್ದರು. ಎತ್ತಿ ನೋಡಿದೆ, ಎಲ್ಲಿಯೂ ಹಸಿರು ಹಿಡಿದಿರಲಿಲ್ಲ.

"ಬೀಗರು ಕೊಟ್ಟಿದ್ದದು. ಅದಕ್ಕೇನರ ಆದ್ರ ನೀ ಅಳ್ತಿ ಅಂತ ಮೊದಲ ಅದನ್ನ ನೋಡ್ತೇನಿ," ಎಂದರು.

ನನ್ನ ಕಣ್ಣು ತುಂಬಿದವು. ಪಕ್ಕದಲ್ಲಿ ಕುಳಿತು, "ತಪ್ಪಾತ್ರಿ ಅತ್ತಿ" ಎಂದೆ.

"ಇರಲಿ ಬಿಡು. ಹೋಗಿ ಚಹಾ ಇಡು, ಇಲ್ಲೇ ಕುಂತು ಕುಡಿಯೂಣು."

ಸಂಗ್ರಹಕಾರರು ತಮ್ಮ ನಾಣ್ಯಗಳ ಜೊತೆ ಎಷ್ಟು ಹೊತ್ತು ಕಳೆಯುತ್ತಾರೆ ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನಮ್ಮ ಅತ್ತೆಯನ್ನು ಕೇಳಿ. ನಾನು ಬರೀ ತಂದುಹಾಕುವವಳು.