ಮಾರಮ್ಮನ ಪಾಲಿನ ಹುಂಜ

ಗಂಡನ ಪ್ರಾಣ ಉಳಿದರೆ ಒಂದು ಹುಂಜ ಕೊಡುತ್ತೇನೆಂದು ಚಿಕ್ಕಸಿದ್ದಮ್ಮ ಮಾರಮ್ಮನಿಗೆ ಹರಕೆ ಹೊತ್ತದ್ದು ತೊಂಬತ್ತೈದರಲ್ಲಿ, ಗೋವಿಂದಯ್ಯ ಟೈಫಾಯ್ಡ್ ಬಂದು ಹುಣಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಅವನು ಗುಣವಾಗಿ ಗುರುಪುರದ ಪಕ್ಕದ ತಮ್ಮ ಹಳ್ಳಿಗೆ ಬಂದ. ಹರಕೆಯ ಹುಂಜವೂ ಬೆಳೆದು ದೊಡ್ಡದಾಯಿತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಅದು ಬರೀ ಕೂಗುವ ಹುಂಜವಾಗಿರಲಿಲ್ಲ. ಬೇಲಿಯಾಚೆ ಹೊಗೆಸೊಪ್ಪಿನ ಹೊಲ, ಹೊಲದ ಬದುವಿನಲ್ಲಿ ಮುಂಗುಸಿಯ ಬಿಲ. ಹಿಂದೆಲ್ಲ ಕೋಳಿಪಿಳ್ಳೆಗಳು ಹುಟ್ಟುತ್ತಿದ್ದದ್ದೇ ಮುಂಗುಸಿಗಾಗಿ. ಈ ಹುಂಜ ಅಂಗಳಕ್ಕಿಳಿದ ಮೇಲೆ ಮುಂಗುಸಿ ಬೇಲಿಯ ಹತ್ತಿರ ನಿಂತು ನೋಡಿ, ಬೇರೇನೋ ಕೆಲಸ ನೆನಪಾದವರ ಹಾಗೆ ಹೊರಟುಹೋಗುತ್ತಿತ್ತು. ಮಾರಮ್ಮನ ಹಬ್ಬ ಬಂದಾಗಲೆಲ್ಲ ಚಿಕ್ಕಸಿದ್ದಮ್ಮ ಗುಡಿಗೆ ಹೋಗಿ, "ಇದೊಂದು ವರ್ಸ ಬುಡವ್ವ, ಪಿಳ್ಳೆ ಇನ್ನೂ ಚಿಕ್ಕವು" ಎಂದು ವಾಯಿದೆ ಕೇಳಿ ಬರುತ್ತಿದ್ದಳು. ಮಾರಮ್ಮ ಆಗಲ್ಲ ಅನ್ನಲಿಲ್ಲ. ಆಗಲಿ ಅಂತಲೂ ಅನ್ನಲಿಲ್ಲ.

ವಾಯಿದೆಯ ಸಂಕಟವೆಲ್ಲ ಗೋವಿಂದಯ್ಯನದು. ಒಂದು ಕೆಮ್ಮು ಬಂದರೂ ಹುಂಜದ ಕಡೆ ನೋಡುವನು. ಮೂರನೆಯ ವರ್ಷ ಹಬ್ಬದ ಹಿಂದಿನ ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಅಲ್ಲ ಕಣಮ್ಮೀ, ನನ್ ಪ್ರಾಣ ಎಚ್ಚೋ, ಆ ಉಂಜ ಎಚ್ಚೋ?"

ಚಿಕ್ಕಸಿದ್ದಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸಿದ್ದೇ ತಪ್ಪಾಯಿತು.

"ನಾಳೀಕೆ ಕೊಯ್ಯೋದೇ" ಎಂದು ಗೋವಿಂದಯ್ಯ ಹುಂಜವನ್ನು ಹಿಡಿದು, ಬಿದಿರ ಮಂಕರಿ ಕವುಚಿ, ಮೇಲೆ ರುಬ್ಬುವ ಗುಂಡುಕಲ್ಲು ಹೇರಿದ. ನೋಡಲಾರದೆ ಅವಳು ಬಟ್ಟೆಯ ಗಂಟು ಹೊತ್ತು ಕೆರೆಗೆ ಹೋದಳು. ಒಗೆದದ್ದಕ್ಕಿಂತ ಅತ್ತದ್ದೇ ಹೆಚ್ಚು.

ವಾಪಸು ಬಂದಾಗ ಅಂಗಳದ ತುಂಬ ಪುಕ್ಕ. ಪಿಳ್ಳೆಗಳೆಲ್ಲ ತಾಯಿಯ ರೆಕ್ಕೆಯಡಿ ಕ್ಷೇಮವಾಗಿದ್ದವು. ಹುಂಜ ಮಂಕರಿಯ ಹೊರಗೆ ನಿಂತಿತ್ತು, ಒಂದು ಕಣ್ಣು ಹೋಗಿತ್ತು. ಗೋವಿಂದಯ್ಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದ.

"ಮುಂಗ್ಸಿ ಬಂದಿತ್ತು" ಎಂದ. "ಪಿಳ್ಳೆಗೆ ಬಾಯಾಕಕ್ಕೆ ಓಗಿತ್ತು. ಅಷ್ಟೊತ್ಗೆ ಮಂಕ್ರಿ ತಾನಾಗೇ ಮಗುಚ್ಕೊಂಡ್ಬುಡ್ತು."

ಗುಂಡುಕಲ್ಲು ಜಗುಲಿಯ ಮೇಲೆ ನೆಟ್ಟಗೆ ಕೂತಿತ್ತು. ಅದನ್ನು ಅಲ್ಲಿಗೆ ಎತ್ತಿಡಲು ಎರಡು ಕೈಯೂ ಬೇಕು. ಅವಳು ಕಲ್ಲನ್ನು ನೋಡಿದಳು, ಗಂಡನನ್ನು ನೋಡಿದಳು.

"ಊನ ಆದ ಕೋಳಿನ ಮಾರಮ್ಮ ಒಪ್ಪಕ್ಕಿಲ್ಲ" ಎಂದು ಗೋವಿಂದಯ್ಯ ಹುಂಜಕ್ಕೇ ಹೇಳುವಂತೆ ಹೇಳಿದ. "ಬೆಳಿಗ್ಗೆ ಉಣಸೂರ್ಗೋಗಿ ಬ್ಯಾರೆ ಉಂಜ ತತ್ತೀನಿ."

ಮದುವೆಯಾದಂದಿನಿಂದ ಗಂಡನ ಮೇಲೆ ಅವಳಿಗೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಒದ್ದೆ ಬಟ್ಟೆಯ ಗಂಟನ್ನು ಇಳಿಸಿ ಅವಳು ಹೇಳಿದ್ದು ಇಷ್ಟೇ:

"ನೋಡ್ಕೊಂಡ್ ತನ್ನಿ. ಬರೀ ಕೂಗೋ ಉಂಜ ಸಾಕು."